ಖಾಲಿ ಬಿದ್ದ ಮಳಿಗೆ

(ಮೌಳಂಗಿಯ ಸದ್ಭಕ್ತರ ಸಭೆಯಲ್ಲಿ ಮಾಡಿದ ಪ್ರವಚನ)



ಅಂಗಡಿ ಎಂದರೆ ಏನು? ನಾಲ್ಕು ಗೋಡೆ, ಒಂದು ಸೂರು, ಒಂದು ತಕ್ಕಡಿ ಇದ್ದರೆ ಅಂಗಡಿ ಆಯಿತೇ? ಆಗಲಿಲ್ಲ. ಒಬ್ಬನಲ್ಲಿ ಒಂದು ವಸ್ತು ಇದೆ. ಇನ್ನೊಬ್ಬನಿಗೆ ಅದು ಬೇಕಾಗಿದೆ. ಇಬ್ಬರೂ ಕೂಡಿದ ಸ್ಥಳವೇ ಅಂಗಡಿ. ಮರದ ನೆರಳಿನಲ್ಲಿ ಒಬ್ಬ ಅಜ್ಜಿ ಗೋಣಿತಟ್ಟು ಹಾಸಿ ನಾಲ್ಕು ಸಿವುಡು ಮೆಂತೆಪಲ್ಯೆ ಇಟ್ಟುಕೊಂಡು ಕುಳಿತರೂ ಅದು ಅಂಗಡಿಯೇ. ಕೊಳ್ಳುವವರು ಬರುವುದು ನಿಂತಿತೋ, ಅರಮನೆಯಂಥ ಕಟ್ಟಡವಿದ್ದರೂ ಅದು ಅಂಗಡಿಯಲ್ಲ. ಹಾಗಾದರೆ ಅದು ಏನು? ಅದನ್ನು ಏನು ಮಾಡಬೇಕು? ಈ ಹೊತ್ತು ನಾವು ಮಾತನಾಡಬೇಕಾದುದು ಇಷ್ಟೇ.

ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು, ಸ್ವಾಮಿಗಳು ಬಂದು ಆತ್ಮದ ಮಾತು ಹೇಳುವುದನ್ನು ಬಿಟ್ಟು ಅಂಗಡಿಯ ಮಾತು ಹೇಳುತ್ತಾರಲ್ಲ ಎಂದು. ಅನ್ನಿಸಲಿ. ಶರಣರು ಕಾಯಕವನ್ನು ಹಿರಿದು ಎಂದರು. ಸತ್ಯದಿಂದ ಮಾಡಿದ ವ್ಯಾಪಾರವೂ ಕಾಯಕ. ಕಾಯಕ ನಡೆಯುತ್ತಿದ್ದ ಸ್ಥಳ ಹಾಳುಬಿದ್ದರೆ ಆ ಚಿಂತೆ ಮಠಕ್ಕೂ ಸೇರಿದ್ದು.

ಇಲ್ಲಿ ಕಾಳೀ ನದಿ ನಮ್ಮ ಮಗ್ಗುಲಲ್ಲೇ ಹರಿಯುತ್ತಿದೆ. ಇದೇ ನೀರಿಗೆ ಮೇಲ್ಗಡೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದರು. ಹಳೆಯ ಸೂಪಾ ಊರು, ಅದರ ಪೇಟೆ, ಅಂಗಡಿಯ ಕಟ್ಟೆಗಳು ಎಲ್ಲವೂ ನೀರಿನ ಕೆಳಗೆ ಹೋದವು. ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದವು. ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ಆ ಪೇಟೆಗೆ ಇನ್ನೊಂದು ಉಪಯೋಗ ಹುಡುಕಿರೆಂದು ಯಾರಿಗೂ ಹೇಳುವಂತಿಲ್ಲ. ಅದರ ಮೇಲೆ ನೀರು ನಿಂತಿದೆ. ಆದರೆ ನೆಲದ ಮೇಲೆಯೇ ನಿಂತ ಕಟ್ಟಡ, ಸೂರು ಗಟ್ಟಿಯಾಗಿದೆ, ದಾರಿ ಇದೆ, ಬಾಗಿಲು ಇದೆ, ಅದನ್ನೂ ನಾವು ಮುಳುಗಿದ ಊರಿನಂತೆ ಬಿಟ್ಟುಬಿಡುತ್ತೇವೆ. ಇದು ಹೇಗೆ ಸರಿ?

ಇಂಥ ಕಟ್ಟಡ ಈಗ ಒಂದೆರಡಲ್ಲ. ದಿಲ್ಲಿಯ ಕನಾಟ್ ಪ್ಲೇಸಿನಲ್ಲಿ 1966ರಲ್ಲಿ ಸೂಪರ್ ಬಜಾರ್ ಎಂದು ದೊಡ್ಡ ಸಹಕಾರಿ ಅಂಗಡಿ ತೆರೆದರು. ರೂಪಾಯಿಯ ಬೆಲೆ ಇಳಿಸಿದ ವರ್ಷ ಅದು, ಸಾಮಾನುಗಳ ದರ ಏರಿತ್ತು. ಬಡವನಿಗೂ ನ್ಯಾಯವಾದ ದರದಲ್ಲಿ ಸಾಮಾನು ಸಿಗಲಿ ಎಂಬ ಉದ್ದೇಶ. ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ಜನತಾ ಬಜಾರುಗಳು ಬಂದವು. ಸಾಲಿನಲ್ಲಿ ನಿಂತು ಪಾತಳ, ಸಕ್ಕರೆ, ಸಾಬೂನು ತಂದವರು ಈ ಸಭೆಯಲ್ಲಿಯೂ ಇದ್ದೀರಿ. ದಿಲ್ಲಿಯ ಸೂಪರ್ ಬಜಾರ್ 2002ರಲ್ಲಿ ಮುಚ್ಚಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಮೇಲೆ ಖಾಸಗಿಯವರು ಬಂದರು. ಸುಭಿಕ್ಷಾ ಎಂಬ ಕಂಪನಿ ದೇಶದಲ್ಲಿ ಸುಮಾರು 1,600 ಮಳಿಗೆ ತೆರೆದು, ಸಾಲ ಏರಿ, 2009ರಲ್ಲಿ ಎಲ್ಲಕ್ಕೂ ಬೀಗ ಹಾಕಿತು. ಹೆಸರು ಮಾತ್ರ ಸುಭಿಕ್ಷಾ! ಆಮೇಲೆ ಮಾಲ್‌ಗಳು. ನೈಟ್ ಫ್ರಾಂಕ್ ಎಂಬ ಸಂಸ್ಥೆ 2024ರಲ್ಲಿ ಒಂದು ವರದಿ ಕೊಟ್ಟಿತು. ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಖಾಲಿ ಇರುವ ಮಾಲನ್ನು ಅವರು ದೆವ್ವದ ಮಾಲ್ ಎಂದು ಕರೆಯುತ್ತಾರೆ. ದೇಶದ ಎಂಟು ದೊಡ್ಡ ನಗರಗಳಲ್ಲಿ 2023ರಲ್ಲಿ ಅಂಥವು 64 ಇದ್ದವು. ಎಲ್ಲ ಕೂಡಿ ಸುಮಾರು 1 ಕೋಟಿ 33 ಲಕ್ಷ ಚದರ ಅಡಿ. ನೀವು ಒಕ್ಕಲುತನದವರು, ನಿಮ್ಮ ಲೆಕ್ಕದಲ್ಲಿ ಹೇಳಿದರೆ ಮುನ್ನೂರು ಎಕರೆಗೂ ಮಿಕ್ಕಿದ ಸೂರು. ಬರೀ ಸೂರು! ಅದರ ಕೆಳಗೆ ಯಾರೂ ಇಲ್ಲ. ಅದೇ ನಗರಗಳಲ್ಲಿ ಪಾದಚಾರಿ ಹಾದಿಯ ಮೇಲೆ ಮಲಗಿದವರು ಎಷ್ಟು ಜನ!

ಕೊಳ್ಳುವ ರೀತಿಯೇ ಬದಲಾಯಿತು. ಈಗ ಮೌಳಂಗಿಯ ಹುಡುಗನಿಗೆ ಅಂಗಿ ಬೇಕಾದರೆ ದಾಂಡೇಲಿ ಪೇಟೆಗೂ ಹೋಗಬೇಕಾಗಿಲ್ಲ. ಫೋನು ಒತ್ತುತ್ತಾನೆ, ಪಾರ್ಸಲ್ ಬರುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ. ಎತ್ತಿನ ಬಂಡಿ ಹೋಯಿತು, ಲಾರಿ ಬಂತು, ಹಾಗೆಯೇ ಇದು.

ಮೈಸೂರಿಗೆ ಹೋದವರು ಚಿಕ್ಕ ಗಡಿಯಾರವನ್ನು ನೋಡಿದ್ದೀರಿ, ಅದರ ಮಗ್ಗುಲಿನ ದೇವರಾಜ ಮಾರುಕಟ್ಟೆಯನ್ನು ನೋಡಿದ್ದೀರಿ. ಆ ಪೇಟೆಯಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ ಎಂದು ಒಂದು ಇದೆ. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ಸಾಲು ಸಾಲು ಕಮಾನು, ಕೆಳಗೆ ಅಂಗಡಿಗಳು. ಅಲ್ಲಿ ಹಳೆಯ ಪುಸ್ತಕ ಮಾರುವವರು ಇದ್ದರು. ಬಡ ವಿದ್ಯಾರ್ಥಿ ಅರ್ಧ ಬೆಲೆಗೆ ಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅದನ್ನೇ ಅಲ್ಲಿ ಮಾರಿ, ಮುಂದಿನ ವರ್ಷದ್ದನ್ನು ಕೊಳ್ಳುತ್ತಿದ್ದ. 2012ನೆಯ ಇಸವಿ ಆಗಸ್ಟ್ 25ರಂದು, ನೂರ ಇಪ್ಪತ್ತು ವರ್ಷದ ಆ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜೀವ ಹೋದವು. ಅವರು ಯುದ್ಧಕ್ಕೆ ಹೋಗಿರಲಿಲ್ಲ, ಪೇಟೆಗೆ ಬಂದಿದ್ದರು.

ಆಮೇಲೆ ಅಂಗಡಿಗಳನ್ನು ಬಿಡಿಸಿದರು. ಪುಸ್ತಕದವರು, ಬಟ್ಟೆಯವರು, ಚಿಲ್ಲರೆಯವರು ಎದ್ದು ಹೋದರು. ಕೆಡವಿ ಹೊಸದು ಕಟ್ಟೋಣ ಎಂದು ಒಬ್ಬರು, ಇದು ಪರಂಪರೆಯ ಕಟ್ಟಡ, ದುರಸ್ತಿ ಮಾಡಿ ಉಳಿಸೋಣ ಎಂದು ಇನ್ನೊಬ್ಬರು. ಸಮಿತಿಗಳು ಆದವು, ವರದಿಗಳು ಆದವು, ಮಾತು ನ್ಯಾಯಾಲಯದ ಮೆಟ್ಟಿಲು ಹತ್ತಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಲ್ಯಾನ್ಸ್‌ಡೌನ್ ಕಟ್ಟಡ ಹತ್ತು ವರ್ಷಕ್ಕೂ ಮಿಕ್ಕಿ ಖಾಲಿ ನಿಂತಿತು. ಎರಡು ಪಕ್ಷದವರ ಮಾತಿನಲ್ಲೂ ಸತ್ಯ ಇರಬಹುದು, ನಾವು ನ್ಯಾಯ ಹೇಳುವವರಲ್ಲ. ನಮಗೆ ಕಾಣುವುದು ಇಷ್ಟು: ಇವರು ವಾದ ಮಾಡುವಾಗ ಮಳೆ ಕಾಯಲಿಲ್ಲ. ಪ್ರತಿ ವರ್ಷವೂ ಅದು ತನ್ನ ಕಾಯಕ ಮಾಡಿತು.

ಕಟ್ಟಡ ಹೇಗೆ ಸಾಯುತ್ತದೆ, ನೋಡಿರಿ. ಭೂಕಂಪ ಬೇಕಾಗಿಲ್ಲ. ಒಂದು ಎಲೆ ಸಾಕು. ಗಾಳಿಗೆ ಹಾರಿಬಂದ ಎಲೆ ಮಾಳಿಗೆಯ ನೀರು ಹೋಗುವ ಕಿಂಡಿಯಲ್ಲಿ ಕೂಡುತ್ತದೆ. ಅದರ ಮೇಲೆ ಮಣ್ಣು ಕೂಡುತ್ತದೆ. ನೀರು ನಿಲ್ಲುತ್ತದೆ. ನಿಂತ ನೀರು ದಾರಿ ಹುಡುಕುತ್ತದೆ, ಸಿಮೆಂಟಿನ ಒಳಗಿನ ಕಬ್ಬಿಣಕ್ಕೆ ತಾಗುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಸಿಮೆಂಟನ್ನು ಸೀಳುತ್ತದೆ. ಹಂಚಿನ ಮನೆಯಾದರೆ ಒಂದು ಹಂಚು ಜಾರಿದರೆ ಸಾಕು, ಅದರ ಕೆಳಗಿನ ತೊಲೆ ನೆನೆಯುತ್ತದೆ, ಒರಲೆ ಹತ್ತುತ್ತದೆ. ಹಕ್ಕಿ ಅರಳಿಯ ಬೀಜ ಹಾಕಿ ಹೋಗುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿ ಹುಟ್ಟಿತು ಎಂದರೆ ನಾವು ಕೈ ಮುಗಿಯುತ್ತೇವೆ, ಕೀಳುವುದಿಲ್ಲ. ಅದು ಬೇರು ಬಿಟ್ಟು ಗೋಡೆಯನ್ನು ಎರಡು ಮಾಡುತ್ತದೆ. ಇನ್ನೊಂದು ಮಾತು ಗೌಂಡಿಗಳಿಗಾಗಿ: ಹಳೆಯ ಗಚ್ಚಿನ ಗೋಡೆಗೆ ಚಂದ ಕಾಣಲಿ ಎಂದು ಸಿಮೆಂಟು ಬಳಿಯುತ್ತೀರಿ. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು.

ಜನ ಓಡಾಡುವ ಮನೆಯಲ್ಲಿ ಇದೆಲ್ಲ ಆಗುವುದಿಲ್ಲ. ಏಕೆ? ನೀರು ಸೋರಿದರೆ ಯಾರದೋ ತಲೆಯ ಮೇಲೆ ಬೀಳುತ್ತದೆ, ಅವನು ಅದೇ ದಿನ ಏಣಿ ಹಾಕುತ್ತಾನೆ. ಖಾಲಿ ಮನೆಯಲ್ಲಿ ಸೋರಿದ ನೀರು ಯಾರಿಗೂ ಗೊತ್ತಾಗುವುದಿಲ್ಲ.

ದೂರದ ದೇಶದವರು ಏನು ಮಾಡಿದರು ಎಂಬುದನ್ನೂ ಸ್ವಲ್ಪ ನೋಡೋಣ. ಅಮೆರಿಕೆಯಲ್ಲಿ ಟೆಕ್ಸಾಸ್ ಎಂಬ ರಾಜ್ಯ. ಅದರ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯ ಹತ್ತಿರ ಮೆಕ್ಯಾಲನ್ ಎಂಬ ಊರು. ಅಲ್ಲಿ ವಾಲ್‌ಮಾರ್ಟ್ ಕಂಪನಿಯ ಒಂದು ಅಂಗಡಿ ಇತ್ತು. ಸುಮಾರು 1,25,000 ಚದರ ಅಡಿ, ಅಂದರೆ ಮೂರು ಎಕರೆಗೆ ಐದಾರು ಗುಂಟೆ ಕಡಿಮೆ, ಎಲ್ಲವೂ ಒಂದೇ ಸೂರಿನ ಕೆಳಗೆ. ಕಂಪನಿ ಇನ್ನೂ ದೊಡ್ಡ ಅಂಗಡಿ ಕಟ್ಟಿಕೊಂಡು ಹೋಯಿತು, ಇದು ಖಾಲಿ ಬಿತ್ತು. ಊರಿನ ನಗರಸಭೆಗೆ ಗ್ರಂಥಾಲಯ ಬೇಕಾಗಿತ್ತು, ಹಳೆಯದು ಸಣ್ಣದಾಗಿತ್ತು. ಹೊಸ ಗ್ರಂಥಾಲಯ ಕಟ್ಟುವ ಬದಲು ಆ ಖಾಲಿ ಅಂಗಡಿಯನ್ನೇ ತೆಗೆದುಕೊಂಡರು. ಒಳಗಿನ ಗೋಡೆಗಳಿಗೆ ಬಿಳಿ ಬಣ್ಣ ಬಳಿದರು, ಪುಸ್ತಕದ ಕಪಾಟು ನಿಲ್ಲಿಸಿದರು, ಮಕ್ಕಳಿಗೆ ಒಂದು ಭಾಗ, ಗಣಕಯಂತ್ರಕ್ಕೆ ಒಂದು ಭಾಗ, ಸಭೆಗೆ ಒಂದು ಭಾಗ. 2011ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಮರುವರ್ಷ ಅದರ ಒಳಾಂಗಣಕ್ಕೆ ಗ್ರಂಥಾಲಯ ಸಂಘದವರ ಬಹುಮಾನ ಬಂತು. ಸಾಬೂನು ಇದ್ದ ಸಾಲಿನಲ್ಲಿ ಈಗ ಪುಸ್ತಕ.

ಇದು ಹೇಗೆ ಸಾಧ್ಯವಾಯಿತು? ಅಂಗಡಿಗೆ ಏನೇನು ಬೇಕೋ ಗ್ರಂಥಾಲಯಕ್ಕೂ ಹತ್ತಿರ ಹತ್ತಿರ ಅದೇ ಬೇಕು. ಭಾರ ಹೊರುವ ನೆಲ ಬೇಕು. ನಡುವೆ ಗೋಡೆ ಇಲ್ಲದ ಬಯಲು ಬೇಕು. ಕುಂಟನೂ ಮುದುಕನೂ ಮೆಟ್ಟಿಲು ಹತ್ತದೆ ಒಳಗೆ ಬರುವಂತಿರಬೇಕು. ಬಸ್ಸು ಬರುವ ದಾರಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ನಾಚಿಕೆ ಇಲ್ಲದೆ ಒಳಗೆ ಹೆಜ್ಜೆ ಇಡುವ ಬಾಗಿಲು ಬೇಕು. ಕಚೇರಿಯ ಬಾಗಿಲು ದಾಟಲು ಹೆದರುವ ಬಡವ ಅಂಗಡಿಯ ಬಾಗಿಲು ದಾಟಲು ಹೆದರುವುದಿಲ್ಲ. ಅಂಗಡಿಯ ನಿಜವಾದ ಆಸ್ತಿ ಅದೇ.

ಅದೇ ದೇಶದ ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್ ಊರಿನಲ್ಲಿ ಹೈಸ್ಕೂಲಿನ ಕಟ್ಟಡದಲ್ಲಿ ವಿಷದ ರಾಸಾಯನಿಕ ಸಿಕ್ಕಿತು. ಮಕ್ಕಳನ್ನು ಎಲ್ಲಿ ಕೂಡಿಸಬೇಕು? ಪೇಟೆಯ ನಡುವೆ ಮೇಸೀಸ್ ಎಂಬ ಬಟ್ಟೆಬರೆಯ ದೊಡ್ಡ ಅಂಗಡಿ ಮುಚ್ಚಿತ್ತು. 2021ರ ಮಾರ್ಚಿನಲ್ಲಿ ಶಾಲೆ ಅಲ್ಲಿಗೆ ಬಂತು. ಮಕ್ಕಳು ಚಲಿಸುವ ಮೆಟ್ಟಿಲ ಮೇಲೆ ಹತ್ತಿ ಇಳಿದು ತರಗತಿಗೆ ಹೋದರು. ನ್ಯಾಶ್‌ವಿಲ್ ಎಂಬಲ್ಲಿ ಒಂದು ಮಾಲಿನ ಮೇಲಿನ ಅಂತಸ್ತಿನಲ್ಲಿ ವಿಶ್ವವಿದ್ಯಾಲಯದವರು 2009ರಲ್ಲಿ ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದರು, ಕೆಳಗೆ ಅಂಗಡಿಗಳು ಹಾಗೆಯೇ ಇದ್ದವು. ನಮ್ಮಲ್ಲಿಯೂ ಆಗಿದೆ. 2020ರಲ್ಲಿ ಕೊರೋನಾ ಬಂದಾಗ ಬೆಂಗಳೂರಿನ ಹೊರಗೆ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಹಾಸಿಗೆಗಳ ಯೋಜನೆ ಮಾಡಿ ರೋಗಿಗಳನ್ನು ಇರಿಸಿದರು. ಸೂರು ಇದ್ದುದರಿಂದ ಕೆಲವೇ ವಾರಗಳಲ್ಲಿ ಆಯಿತು. ಇಟ್ಟಿಗೆ ಇಟ್ಟು ಕಟ್ಟಬೇಕೆಂದರೆ ರೋಗ ಕಾಯುತ್ತಿತ್ತೇ?

ಆದರೆ ಅವರು ಮಾಡಿದ್ದನ್ನೆಲ್ಲ ಇಲ್ಲಿ ಹಾಗೆಯೇ ಮಾಡಲು ಬರುವುದಿಲ್ಲ. ಅವರ ಅಂಗಡಿಗೆ ಕಿಟಕಿ ಇಲ್ಲ. ಹಗಲೂ ದೀಪ ಉರಿಯಬೇಕು, ಯಂತ್ರದಿಂದ ತಂಪು ಗಾಳಿ ಬರಬೇಕು. ಆ ಬಿಲ್ಲನ್ನು ನಮ್ಮ ಪಂಚಾಯತಿ ಕಟ್ಟಲಾರದು. ನಮ್ಮಲ್ಲಿ ಮೊದಲು ಗೋಡೆಗೆ ಕಿಟಕಿ, ಸೂರಿಗೆ ಗಾಜಿನ ಹಂಚು.

ಈಗ ನಮ್ಮ ಭಾಗದ ಒಂದು ಊರಿನ ಮಾತು. ಊರಿನ ಹೆಸರು ಬೇಡ. ಅಲ್ಲಿಯ ಹಿರಿಯರು ಏಳೆಂಟು ಜನ ಮಠಕ್ಕೆ ಬಂದಿದ್ದರು. ಊರಲ್ಲಿ ಸಹಕಾರಿ ಸಂಘದ ದೊಡ್ಡ ಮಳಿಗೆ ಇದೆ, ಎರಡು ಅಂತಸ್ತು. ಒಂದು ಕಾಲಕ್ಕೆ ಗೊಬ್ಬರ, ಬಟ್ಟೆ, ಸ್ಟೀಲಿನ ಪಾತ್ರೆ, ಸೀಮೆಎಣ್ಣೆ ಎಲ್ಲ ಅಲ್ಲಿಯೇ. ಮುಚ್ಚಿ ಬಹಳ ವರ್ಷ ಆಯಿತು. “ಅಪ್ಪಾರ, ಅದನ್ನ ಕೆಡವಿ ಮಠದ ಹೆಸರಿನ್ಯಾಗ ಒಂದು ಮಂಗಲ ಕಾರ್ಯಾಲಯ ಕಟ್ಟೋಣ್ರಿ, ನೀವು ಹೂಂ ಅನ್ರಿ” ಎಂದರು. ದಾನಿಗಳ ಹೆಸರಿನ ಕಲ್ಲು ಎಲ್ಲಿ ಕೂಡಿಸಬೇಕು ಎಂಬುದು ಕೂಡ ಗೊತ್ತಾಗಿತ್ತು! ಭಕ್ತಿ ದೊಡ್ಡದು. ನಾವು ಒಂದು ಪ್ರಶ್ನೆ ಕೇಳಿದೆವು: ಒಳಗೆ ಹೋಗಿ ನೋಡಿ ಎಷ್ಟು ದಿನ ಆಯಿತು? ಒಬ್ಬರೂ ಮಾತನಾಡಲಿಲ್ಲ. ಹೊರಗಿನಿಂದಲೇ ಅದು ಹಾಳಾಗಿದೆ ಎಂದು ತೀರ್ಮಾನ.

ಒಬ್ಬ ವಯಸ್ಸಾದ ಗೌಂಡಿಯನ್ನು, ಒಬ್ಬ ಓದಿದ ಇಂಜಿನಿಯರನನ್ನು ಕಳಿಸಿದೆವು. ಇಬ್ಬರೂ ಬೇಕು. ಇಂಜಿನಿಯರ ಲೆಕ್ಕ ಹಾಕುತ್ತಾನೆ, ಗೌಂಡಿ ಗೋಡೆಯನ್ನು ಬಡಿದು ಸದ್ದು ಕೇಳುತ್ತಾನೆ. ಅವರು ಬಂದು ಹೇಳಿದರು: ಕಂಬ ಗಟ್ಟಿ, ನೆಲ ಗಟ್ಟಿ. ಒಂದು ಮೂಲೆ ಮಾತ್ರ ಸೋರುತ್ತಿದೆ, ಮಾಳಿಗೆಯ ನೀರಿನ ಕಿಂಡಿ ಎಲೆಯಿಂದ ಕಟ್ಟಿದೆ. ಒಳಗೆ ಕತ್ತಲೆ. ಶೌಚಾಲಯ ಒಂದೇ, ಅದೂ ಕೆಟ್ಟಿದೆ. ಹಿಂದಿನ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ, ಬೆಂಕಿ ಬಿದ್ದರೆ ಹೊರಗೆ ಬರಲು ದಾರಿ ಇಲ್ಲ. ಇಷ್ಟೇ ರೋಗ. ಇದಕ್ಕೆ ಮರಣದಂಡನೆಯೇ?

ಆಮೇಲೆ ನಾವು ಹಿರಿಯರಿಗೆ ಹೇಳಿದೆವು: ಕಟ್ಟಡವನ್ನು ಏನು ಮಾಡಬೇಕು ಎಂದು ಕೇಳಬೇಡಿರಿ. ನಿಮ್ಮ ಊರಲ್ಲಿ ಸೂರು ಇಲ್ಲದೆ ನಿಂತ ಕೆಲಸ ಯಾವುದು, ಅದನ್ನು ಮೊದಲು ನೋಡಿರಿ. ಅವರು ಹೋಗಿ ಎಂಟು ದಿನ ಬಿಟ್ಟು ಬಂದರು. ಈ ಸಲ ಅವರ ಜೊತೆಗೆ ಇಬ್ಬರು ತಾಯಂದಿರೂ ಬಂದಿದ್ದರು. ಮೊದಲ ಸಲ ಒಬ್ಬರೂ ಇರಲಿಲ್ಲ. ತಾಯಂದಿರು ಹೇಳಿದ್ದು ಕೇಳಿರಿ. ಕಾಡಿನ ಒಳಗಿನ ಊರುಗಳಿಂದ ಹೆಣ್ಣುಮಕ್ಕಳು ಕಾಲೇಜಿಗೆ ಬರುತ್ತಾರೆ. ಪಾಠ ಮುಗಿಯುವುದು ಎರಡು ಗಂಟೆಗೆ, ಬಸ್ಸು ಐದೂವರೆಗೆ. ಆ ಮೂರೂವರೆ ತಾಸು ಅವರು ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ಮಳೆಗಾಲದಲ್ಲಿ ನೆನೆಯುತ್ತಾರೆ. ನೋಡುವವರ ಕಣ್ಣು ಬೇರೆ. ಇಬ್ಬರು ಹುಡುಗಿಯರು ಇದೇ ಕಾರಣಕ್ಕೆ ಕಾಲೇಜು ಬಿಟ್ಟರು. ಕೂಸುಗಳಿಗೆ ಚುಚ್ಚುಮದ್ದು ಹಾಕುವ ದಿನ ಆಶಾ ಕಾರ್ಯಕರ್ತೆ ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತಾಳೆ, ಆ ಮನೆಯಲ್ಲಿ ಲಗ್ನವಿದ್ದರೆ ಆ ತಿಂಗಳು ಇನ್ನೊಂದು ಮನೆ ಹುಡುಕಬೇಕು.

ಮಂಗಲ ಕಾರ್ಯಾಲಯದಲ್ಲಿ ವರ್ಷಕ್ಕೆ ಎಷ್ಟು ಲಗ್ನ ಆದಾವು? ನಲವತ್ತು ಎನ್ನಿರಿ. ಉಳಿದ ಮುನ್ನೂರ ಇಪ್ಪತ್ತೈದು ದಿನ ಅದಕ್ಕೂ ಬೀಗವೇ. ಒಂದು ಖಾಲಿ ಕಟ್ಟಡ ಕೆಡವಿ ಇನ್ನೊಂದು ಖಾಲಿ ಕಟ್ಟಡ ಕಟ್ಟಿದಂತಾಯಿತು. ಲಗ್ನ ಮಠದ ಅಂಗಳದಲ್ಲಿಯೂ ಆಗುತ್ತದೆ. ಓದುವ ಹುಡುಗಿ ಅಂಗಳದಲ್ಲಿ ಮಳೆಗೆ ಕೂಡಲಾರಳು. ಹಿಂದಿನವರು ಮಠದ ಪಡಸಾಲೆಗಳನ್ನೇ ಬಡ ಹುಡುಗರಿಗೆ ಬಿಟ್ಟುಕೊಟ್ಟು ಪ್ರಸಾದನಿಲಯ ಮಾಡಿದರು. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿದವರು ಹಳಿಯಾಳದ ಕಡೆಗೂ ಇದ್ದಾರೆ. ಅವರಿಗೆ ಕೇಳಿರಿ, ಸೂರು ಎಂದರೆ ಏನೆಂದು.

ಹೀಗಾಗಿ ಆ ಮಳಿಗೆಯ ಕೆಳಗಿನ ಅಂತಸ್ತಿನಲ್ಲಿ ಓದುವ ಮನೆ, ಒಂದು ಬದಿಗೆ ಚುಚ್ಚುಮದ್ದಿನ ಕೋಣೆ. ಮೇಲೆ ಸ್ತ್ರೀಶಕ್ತಿ ಸಂಘದವರಿಗೆ ಹೊಲಿಗೆ ಯಂತ್ರ. ಲಗ್ನಕ್ಕೆ ಬೇಡ. ಮಠದ ಹೆಸರು ಬೇಡ. ಮಠದ ಹೆಸರು ಬಂದರೆ ಬೇರೆ ಜಾತಿಯ ಮಗು ಬಾಗಿಲಲ್ಲಿ ಒಂದು ಕ್ಷಣ ನಿಂತು ಯೋಚಿಸುತ್ತದೆ, ಆ ಒಂದು ಕ್ಷಣವೂ ಬೇಡ. ಹೆಸರಿನ ಕಲ್ಲಿನ ಹಣದಲ್ಲಿ ಶೌಚಾಲಯ ಕಟ್ಟಿಸಿರಿ ಎಂದೆವು. ಒಬ್ಬ ದಾನಿಗಳು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ನಕ್ಕರು, ಕೊಟ್ಟರು.

ಮರೆಯಬಾರದ ಮಾತು ಇನ್ನೊಂದಿದೆ. ಆ ಮಳಿಗೆಯ ಮುಂದಿನ ಕಟ್ಟೆಯ ಮೇಲೆ ಮೂವರು ಕೂಡುತ್ತಾರೆ. ಒಬ್ಬ ಚಪ್ಪಲಿ ಹೊಲಿಯುವವ, ಒಬ್ಬಾಕೆ ಬಾಳೆಹಣ್ಣು ಮಾರುವಾಕೆ, ಒಬ್ಬ ಕೊಡೆ ರಿಪೇರಿಯವ. ಒಳಗಿನ ದೊಡ್ಡ ಅಂಗಡಿ ಮುಚ್ಚಿದರೂ ಹೊರಗಿನ ಮೂರು ಸಣ್ಣ ಅಂಗಡಿ ಮುಚ್ಚಿಲ್ಲ. ಹೊಸ ಕೆಲಸ ಶುರು ಮಾಡುವಾಗ ಬಣ್ಣ ಬಳಿಯಬೇಕು, ಚಂದ ಕಾಣಬೇಕು ಎಂದು ಮೊದಲು ಅವರನ್ನೇ ಎಬ್ಬಿಸುತ್ತಾರೆ. ಎಬ್ಬಿಸಬೇಡಿರಿ. ಮೈಸೂರಿನಲ್ಲಿ ಕಟ್ಟಡದ ಬಗ್ಗೆ ಎಷ್ಟು ಪುಟ ಬರೆದರು, ಎದ್ದು ಹೋದ ಪುಸ್ತಕದವರ ಬಗ್ಗೆ ಎಷ್ಟು ಬರೆದರು? ಕಟ್ಟೆ ಅವರಿಗೆ ಇರಲಿ, ಅವರ ತಲೆಯ ಮೇಲೆ ಎರಡು ತಗಡು ಹಾಕಿಸಿರಿ.

ಕಾಗದಪತ್ರದ ಕೆಲಸವೂ ಇದೆ, ಅದು ಬೇಸರದ ಕೆಲಸ. ಸಂಘ ಮುಚ್ಚಿದ ಮೇಲೆ ಕಟ್ಟಡ ಊರಿನವರದು ಆಗುವುದಿಲ್ಲ. ಸಮಾಪನಾಧಿಕಾರಿ ಎಂದು ಸರಕಾರ ಒಬ್ಬರನ್ನು ನೇಮಿಸುತ್ತದೆ. ಸಾಲ ಕೊಟ್ಟವರಿಗೆ ಹಣ ಮುಟ್ಟಬೇಕು, ಸದಸ್ಯರ ಹಕ್ಕು ಇದೆ. ಸಹಕಾರ ಇಲಾಖೆಯ ಕಚೇರಿಗೆ ಪಂಚಾಯತಿಯ ಠರಾವು ಕೂಡಿಸಿ ಬರೆಯಿರಿ, ಬಾಡಿಗೆಯ ಕರಾರು ಕೇಳಿರಿ. ಉತ್ಸಾಹದಲ್ಲಿ ಬೀಗ ಒಡೆಯಬೇಡಿರಿ. ಅಪ್ಪಾರು ಹೇಳಿದ್ದಾರೆ ಎಂದು ಹೇಳಿ ಒಡೆಯುವುದಂತೂ ಬೇಡವೇ ಬೇಡ.

ಇನ್ನು ಕಸ ಗುಡಿಸುವವರು ಯಾರು? ಕರೆಂಟಿನ ಬಿಲ್ಲು ಕಟ್ಟುವವರು ಯಾರು? ಉದ್ಘಾಟನೆಗೆ ಮುನ್ನೂರು ಜನ ಬರುತ್ತೀರಿ, ಮರುದಿನ ಕಸಬರಿಗೆ ಹಿಡಿಯಲು ಒಬ್ಬರೂ ಇರುವುದಿಲ್ಲ. ಅದಕ್ಕಾಗಿ ಮೊದಲೇ ಗೊತ್ತು ಮಾಡಿದ್ದೇವೆ: ಆ ಸಂಘದಲ್ಲಿ ಹಿಂದೆ ತೂಕ ಮಾಡುತ್ತಿದ್ದ ಒಬ್ಬ ಹಿರಿಯರು ಇದ್ದಾರೆ, ಕಟ್ಟಡದ ಮೂಲೆ ಮೂಲೆ ಅವರಿಗೆ ಗೊತ್ತು. ಕೀಲಿ ಅವರ ಕೈಯಲ್ಲಿ, ತಿಂಗಳಿಗೆ ಸಂಬಳ ಪಂಚಾಯತಿಯಿಂದ. ಮೊದಲ ವರ್ಷದ ಕರೆಂಟು ಮಠದಿಂದ. ಎರಡನೆಯ ವರ್ಷ ಊರಿನವರು.

ಇಲಾಖೆಯ ಉತ್ತರ ಬರುವುದು ತಡವಾಗಬಹುದು. ಮಳೆ ತಡ ಮಾಡುವುದಿಲ್ಲ. ಮಾಳಿಗೆಯ ಕಿಂಡಿ ಬಿಡಿಸಲು ಸಮಾಪನಾಧಿಕಾರಿಗಳು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಚೀಟಿಯಲ್ಲೂ ಬರೆಸಿಕೊಳ್ಳಿರಿ. ಮಿರಗ ಕೂಡಲು ಇನ್ನು ಆರು ವಾರ ಇದೆ. ಅಷ್ಟರೊಳಗೆ ಮೇಲೆ ಹತ್ತಿ ಎಲೆ, ಮಣ್ಣು ತೆಗೆಸಿರಿ, ಗೋಡೆಯ ಅರಳಿಯ ಸಸಿಯನ್ನು ಬೇರು ಸಹಿತ ಕಿತ್ತು ಕೆರೆಯ ದಂಡೆಗೆ ನೆಡಿರಿ. ಅಷ್ಟು ಎತ್ತರದ ಏಣಿ ಊರಲ್ಲಿ ಇಲ್ಲ ಎಂದು ಕೇಳಿದೆವು. ಮಠದ್ದು ಇದೆ. ಸೋಮವಾರ ಬಂಡಿಯಲ್ಲಿ ಕಳಿಸುತ್ತೇವೆ.